ಐದನೇ ಮಹಡಿಗೆ ಅತ್ತೆಯವರು

ಪರದೇಶದಲ್ಲಿ ಮನೆ ಕೊಳ್ಳುವಾಗ ಮೆಕ್ಯಾನಿಕ್, ದಲ್ಲಾಳಿಯ ತಲೆ ತಿಂದಿದ್ದ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಗೋಡೆಗೆ ಮೊಳೆ ಹೊಡೆದರೆ ಪಕ್ಕದವರು ಜಗಳಕ್ಕೆ ಬರುತ್ತಾರೆಯೇ, ಫೋಟೊದ ಕಿಟಕಿಯಲ್ಲಿ ಕಾಣುವ ಹೊಳೆ ನಿಜವಾದದ್ದೇ ಅಥವಾ ಅಂಟಿಸಿದ್ದೇ, ಎಲ್ಲ ಕೇಳಿದ. ಲಿಫ್ಟಿನ ವಿಷಯ ಮಾತ್ರ ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿ, ಉಗುರಿನ ಸಂದಿಯ ಗ್ರೀಸು ಊಟದ ತಟ್ಟೆಯವರೆಗೂ ಬಂದು, ಆ ಕಸುಬಿಗೆ ಕೈಮುಗಿದು ದೇಶವನ್ನೇ ಬಿಟ್ಟವನು ಅವನು. ಹೊಸ ಊರಿನ ಬಿಸ್ಕತ್ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಇನ್ನು ಲಿಫ್ಟ್ ಎಂಬ ಶಬ್ದ ಬಾಯಲ್ಲಿ ಬರಬಾರದೆಂದು ಆಣೆ ಹಾಕಿಕೊಂಡಿದ್ದ.

ಕೊಂಡ ಮನೆ ಐದನೇ ಮಹಡಿಯಲ್ಲಿತ್ತು.

ಹೆಂಡತಿ, ಇಬ್ಬರು ಮಕ್ಕಳು, ಒಂಬತ್ತು ಪೆಟ್ಟಿಗೆ ಮತ್ತು ಅತ್ತೆಯವರ ಜೊತೆ ಅವನು ಬಂದಿಳಿದ ಬೆಳಗ್ಗೆ, ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಒಂದು ಹೂವಿನ ಕುಂಡ ಇತ್ತು. ಗಿಡ ಸೊಂಟದೆತ್ತರ ಬೆಳೆದಿತ್ತು. ಅಂದರೆ ಆ ಬಾಗಿಲು ತೆಗೆಯದೆ ವರ್ಷಗಳೇ ಆಗಿದ್ದವು.

"ರೀ, ಅಮ್ಮ ಹೇಗೆ ಹತ್ತೋದು?" ಎಂದಳು ಹೆಂಡತಿ.

"ನಿಧಾನಕ್ಕೆ. ಒಂದೊಂದೇ ಮೆಟ್ಟಿಲು."

"ಒಂದೊಂದೇ ಹತ್ತಿದ್ರೂ ತೊಂಬತ್ತಾರು ಮೆಟ್ಟಿಲು. ಮಕ್ಕಳು ಎಣಿಸ್ಕೊಂಡು ಬಂದ್ರು."

ಅತ್ತೆಯವರ ಎರಡೂ ಮಂಡಿಗೆ ಹೋದ ವರ್ಷವಷ್ಟೇ ಆಪರೇಷನ್ ಆಗಿತ್ತು. ಅವರು ಸಾಗಣೆ ವ್ಯಾನಿನಿಂದ ಇಳಿಸಿದ ಕುರ್ಚಿಯೊಂದನ್ನು ಅಂಚೆ ಡಬ್ಬಗಳ ಕೆಳಗೆ ಹಾಕಿಸಿಕೊಂಡು ಕೂತುಬಿಟ್ಟರು. "ನನ್ನ ಚಿಂತೆ ಬಿಡಿ ಅಳಿಯಂದಿರೇ. ನನಗೆ ಕಾಗದ ಬಂದ್ರೆ ಇಲ್ಲೇ ಸಿಗತ್ತೆ."

ಹೆಂಡತಿ ತನ್ನ ಕೈಚೀಲ ತಟ್ಟಿದಳು. "ಇದರಲ್ಲಿ ವಾಪಸ್ ಟಿಕೆಟ್ ಇದೆ. ಏಳು ಗಂಟೆ ರೈಲು. ಆರರೊಳಗೆ ಅಮ್ಮ ಮೇಲಿದ್ರೆ ಸರಿ, ಇಲ್ಲೇ ಸಂಸಾರ ಹೂಡ್ತೀನಿ. ಕೆಳಗಿದ್ರೆ ನಾನು, ಮಕ್ಕಳು, ಅಮ್ಮ ಹೊರಟ್ವಿ. ನೀವು ನಿಮ್ಮ ಹೊಳೆ ನೋಡ್ಕೊಂಡಿರಿ."

ಹೆಂಡತಿ ಸುಮ್ಮನೆ ಹೆದರಿಸುವ ಪೈಕಿ ಅಲ್ಲ. ಮೆಕ್ಯಾನಿಕ್ ವ್ಯಾನಿನ ಡ್ರೈವರನ್ನು ಕಾಡಿ ಬೇಡಿ ಒಪ್ಪಿಸಿ, ಅತ್ತೆಯವರನ್ನು ಕುರ್ಚಿಸಮೇತ ಎತ್ತಿಸಿದ. ಮೊದಲನೇ ಮಹಡಿ ಮುಗಿಯುವಷ್ಟರಲ್ಲಿ ಡ್ರೈವರು ಸೈಕಲ್ ಪಂಪಿನಂತೆ ಏದುಸಿರು ಬಿಡುತ್ತಿದ್ದ. ಎರಡನೆಯದರಲ್ಲಿ ಕುರ್ಚಿಯ ಒಂದು ಕಾಲು ಲಟಕ್ಕೆಂದಿತು. ಅತ್ತೆಯವರು ಪಕ್ಕದ ಮನೆಯ ಚಪ್ಪಲಿ ಗೂಡಿನ ಮೇಲೆ ಕೂತರು. ಡ್ರೈವರು ತಿರುಗಿಯೂ ನೋಡದೆ ಇಳಿದು ಹೋದ.

ಸದ್ದಿಗೆ ಆ ಮನೆಯ ಬಾಗಿಲು ತೆರೆಯಿತು. ನಿವೃತ್ತ ಶಾಲಾ ಶಿಕ್ಷಕಿ ಟೀಚರಮ್ಮ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

"ಅಯ್ಯೋ, ಇವರನ್ನ ಎಲ್ಲಿಗೆ ಹೊತ್ಕೊಂಡು ಹೊರಟ್ರಿ? ಇವತ್ತೊಂದು ದಿನ ತಡ್ಕೊಳ್ರಿ. ನಿಮಗೆ ವಿಷಯ ಗೊತ್ತಲ್ಲ?"

ಮೆಕ್ಯಾನಿಕ್ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಈ ದೇಶದ ಭಾಷೆ ಕಲಿತಿದ್ದ. ಅಲ್ಲಿನ ಮೇಷ್ಟ್ರು ಭಾಷೆಯ ಜೊತೆಗೆ ಒಂದು ಉಪಾಯವನ್ನೂ ಹೇಳಿಕೊಟ್ಟಿದ್ದರು: ಪರದೇಶದಲ್ಲಿ ಯಾರು ಏನು ಕೇಳಿದರೂ ಬೆಪ್ಪನಂತೆ ನಿಲ್ಲಬೇಡ, ಗೊತ್ತು ಅನ್ನು, ಜನ ಮರ್ಯಾದೆ ಕೊಡುತ್ತಾರೆ.

"ಗೊತ್ತು, ಗೊತ್ತು" ಎಂದ ಮೆಕ್ಯಾನಿಕ್.

"ಸದ್ಯ! ನಮ್ಮ ಸಂಘದ ಅಧ್ಯಕ್ಷರು ಹೇಳಿದಾರೆ ಅಂತ ಆಯ್ತು" ಎಂದು ಟೀಚರಮ್ಮ ಸಮಾಧಾನದ ಉಸಿರು ಬಿಟ್ಟು, ತಾವೇ ಒಂದು ಕಡೆ ಹೆಗಲು ಕೊಟ್ಟು ಅತ್ತೆಯವರನ್ನು ಮತ್ತೆ ಕೆಳಗೇ ಇಳಿಸಿ, ಬೇರೊಂದು ಕುರ್ಚಿಯಲ್ಲಿ ಕೂರಿಸಿದರು. ಇಷ್ಟು ಉತ್ಸಾಹದಿಂದ ಯಾರಾದರೂ ಕೆಳಕ್ಕೆ ಇಳಿಸಿದ್ದನ್ನು ಅವನು ನೋಡಿರಲಿಲ್ಲ.

ಪೆಟ್ಟಿಗೆ ಹೊತ್ತುಕೊಂಡು ಮೂರನೇ ಮಹಡಿ ದಾಟುವಾಗ ಅಲ್ಲಿನ ಕ್ಷೌರಿಕ ಅಡ್ಡ ಬಂದ. ಬೀದಿಯ ತುದಿಯಲ್ಲಿ ಅವನ ಅಂಗಡಿ. ಇವತ್ತು ಯಾಕೋ ಬಾಗಿಲು ಹಾಕಿದ್ದ.

"ಪೆಟ್ಟಿಗೆ ಯಾಕ್ರೀ ಮೇಲೆ ಸಾಗಿಸ್ತೀರಿ? ಮತ್ತೆ ಇಳಿಸೋರು ಯಾರು? ವಿಷಯ ಗೊತ್ತು ತಾನೇ?"

ಹೊಸಬ ನಾಲ್ಕು ದಿನದಲ್ಲಿ ಓಡಿಹೋಗುತ್ತಾನೆ ಅಂತ ಲೆಕ್ಕ ಹಾಕಿದ್ದಾನೆ ಎಂದುಕೊಂಡ ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿಯಿತು. "ಗೊತ್ತು!" ಎಂದು ಗದರಿದ.

"ಗೊತ್ತಿದ್ದೂ ಹೊರ್ತೀರಲ್ಲ, ಭೇಷ್" ಎಂದ ಕ್ಷೌರಿಕ.

ಕೆಳಗೆ ಬಂದರೆ ಮನೆಮಾಲೀಕರ ಸಂಘದ ಅಧ್ಯಕ್ಷರು ಆ ಕುಂಡಕ್ಕೆ ನೀರು ಹಾಕುತ್ತಾ, ಅತ್ತೆಯವರನ್ನು ಹೊಸ ಚಿತ್ರಪಟ ನೋಡುವಂತೆ ನೋಡುತ್ತಿದ್ದರು. "ನಿಮ್ಮತ್ತೇನಾ? ಬಹಳ ಚೆನ್ನಾಗಿ ಕೂತಿದಾರೆ. ನಾಲ್ಕು ಗಂಟೆಗೆ ನಗರಸಭೆ ಇನ್‌ಸ್ಪೆಕ್ಟರು ಬರ್ತಾರೆ. ಅಲ್ಲೀವರೆಗೂ ಏಳಿಸ್ಬೇಡಿ. ಒಂಚೂರು ನರಳಿದ್ರೆ ಇನ್ನೂ ಒಳ್ಳೇದು."

"ನರಳೋದಾ?"

"ಟೀಚರಮ್ಮ ನಿಮಗೆ ವಿಷಯ ಹೇಳಿದಾರಲ್ಲ?"

"ಗೊತ್ತು" ಎಂದ ಮೆಕ್ಯಾನಿಕ್, ಮೂರನೇ ಸಲ. ಮನಸ್ಸಿನಲ್ಲಿ ಮಾತ್ರ, ಇವರಿಗೆ ನಮ್ಮತ್ತೆ ಪ್ರದರ್ಶನದ ಗೊಂಬೆ ಆಗಿಬಿಟ್ಟರಲ್ಲ ಎಂದು ಕುದಿಯುತ್ತಿದ್ದ. ಆಗ ಗಂಟೆ ಒಂದೂವರೆ. ಹೆಂಡತಿ ಮಕ್ಕಳಿಗೆ ರೈಲಿನಲ್ಲಿ ತಿನ್ನಲು ಏನೋ ಕಟ್ಟುತ್ತಿದ್ದಳು.

ಮೆಕ್ಯಾನಿಕ್ ಆರನೇ ಪೆಟ್ಟಿಗೆ ಬಿಚ್ಚಿದ. ಸ್ವೆಟರುಗಳ ಅಡಿಯಲ್ಲಿ, ಹೆಂಡತಿಗೂ ಗೊತ್ತಿಲ್ಲದಂತೆ ತಂದಿದ್ದ ಸ್ಪ್ಯಾನರುಗಳ ಗಂಟಿತ್ತು. ಸಿಗರೇಟು ಬಿಟ್ಟವನು ಒಂದನ್ನು ಬಚ್ಚಿಟ್ಟುಕೊಂಡಿರುವ ಹಾಗೆ. ಅದನ್ನು ಬಗಲಲ್ಲಿ ಇಟ್ಟುಕೊಂಡು ಮಾಳಿಗೆ ಮೇಲಿನ ಯಂತ್ರದ ಕೋಣೆಗೆ ಹತ್ತಿದ.

ನಿಜ ಹೇಳಬೇಕೆಂದರೆ ಅಲ್ಲಿ ಅವನಿಗೆ ಖುಷಿಯಾಯಿತು. ತುಕ್ಕು ಹಿಡಿದ ಬ್ರೇಕನ್ನು ಕಿತ್ತು ಉಜ್ಜಿದ. ಕಪ್ಪಾದ ತಂತಿ ತುದಿಗಳನ್ನು ಕೆರೆದ. ಪಾರಿವಾಳದ ಗೂಡನ್ನು ಆಚೆ ಇಟ್ಟ. ಹಗ್ಗಗಳನ್ನು ಒಂದೊಂದಾಗಿ ಬೆರಳಿಂದ ಸವರಿ ನೋಡಿದ. ಎಲ್ಲ ಗಟ್ಟಿಯಾಗಿತ್ತು, ಆದರೂ ಲಿಫ್ಟ್ ಮಿಸುಕಲಿಲ್ಲ. ಬಾಗಿಲು ಸರಿಯಾಗಿ ಮುಚ್ಚಿದೆ ಎಂದು ಯಂತ್ರಕ್ಕೆ ತಿಳಿಸುವ ಸ್ವಿಚ್ಚುಗಳನ್ನು ಮಹಡಿ ಮಹಡಿ ನೋಡುತ್ತಾ ಇಳಿದ. ಮೂರನೆಯದರಲ್ಲಿ, ಸ್ವಿಚ್ಚಿನ ಬಾಯಿಗೆ ಬೆಂಕಿಪೊಟ್ಟಣದ ರಟ್ಟನ್ನು ನೀಟಾಗಿ ಮಡಿಸಿ ತುರುಕಿದ್ದರು.

'ಕಿತಾಪತಿ ಮಕ್ಕಳು' ಎಂದು ನಕ್ಕು, ಅದನ್ನು ಕಿತ್ತು ಎಸೆದ.

ಲಿಫ್ಟ್ ಒಮ್ಮೆ ನಡುಗಿ, ಎದ್ದು ನಿಂತ ಎಮ್ಮೆಯಂತೆ ನಿಟ್ಟುಸಿರಿಟ್ಟು, ಮೇಲೆ ಹೊರಟಿತು. ಮೆಕ್ಯಾನಿಕ್ ಮತ್ತೆ ಯಂತ್ರದ ಕೋಣೆಗೆ ಓಡಿ, ಇಪ್ಪತ್ತೆರಡು ವರ್ಷ ಪ್ರತಿ ರಿಪೇರಿ ಆದ ಮೇಲೆ ಮಾಡುತ್ತಿದ್ದುದನ್ನೇ ಮಾಡಿದ. ಗೋಡೆಗೆ ತೂಗುಹಾಕಿದ್ದ ಪುಸ್ತಕದಲ್ಲಿ ತಾರೀಕು, ಹೊತ್ತು ಬರೆದು, 'ಪರೀಕ್ಷಿಸಿದೆ. ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ' ಎಂದು ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದ. ಕೈ ತಾನಾಗಿ ಮಾಡಿದ ಕೆಲಸ ಅದು; ತಲೆಯನ್ನು ಕೇಳಲಿಲ್ಲ.

ಸರಿಯಾಗಿ ನಾಲ್ಕು ಗಂಟೆಗೆ ಲಿಫ್ಟ್ ಮೆಕ್ಯಾನಿಕ್‌ನನ್ನು ಹೊತ್ತು ಕೆಳಗೆ ಇಳಿಯಿತು. ಬಾಗಿಲು ಆಚೆಗೆ ತೆರೆದುಕೊಂಡಾಗ ಕುಂಡ ಉರುಳಿ ಚೂರಾಯಿತು. ಎದುರಿಗೆ ಅಧ್ಯಕ್ಷರು, ಟೀಚರಮ್ಮ, ಕ್ಷೌರಿಕ, ಅವರ ನಡುವೆ ಕಡತ ಹಿಡಿದ ಇನ್‌ಸ್ಪೆಕ್ಟರು. ಮೂಲೆಯಲ್ಲಿ ಯಾರ ಮಾತಿಗೋ ಸುಳ್ಳುಸುಳ್ಳೇ ನರಳುತ್ತಿದ್ದ ಅತ್ತೆಯವರು ನರಳುವುದನ್ನು ನಿಲ್ಲಿಸಿದರು.

"ಬನ್ನಿ ಅತ್ತೆ, ಮೇಲೆ ಹೋಗೋಣ" ಎಂದ ಮೆಕ್ಯಾನಿಕ್, ಹಸೆಮಣೆಗೆ ಕರೆಯುವವನಂತೆ.

"ಲಿಫ್ಟ್ ಓಡ್ತಿದೆಯಲ್ರೀ!" ಎಂದರು ಇನ್‌ಸ್ಪೆಕ್ಟರು. "ಇವತ್ತಿಗೆ ಐದು ವರ್ಷ ತುಂಬೋದು. ಐದು ವರ್ಷ ಲಿಫ್ಟ್ ಇಲ್ಲದ ಕಟ್ಟಡ ಕೆಡವಿ, ಎಲ್ಲರಿಗೂ ಕೆರೆ ಪಕ್ಕ ನೆಲಮಹಡಿ ಮನೆ ಕೊಡಬೇಕು ಅಂತ ನಿಯಮ. ಕೀಲಿಕೈ ಕೂಡ ತಂದಿದ್ದೆ ನೋಡಿ." ಅವರು ಜೇಬಿನಿಂದ ಗೊಂಚಲು ತೆಗೆದು ಅಲ್ಲಾಡಿಸಿ, ಮತ್ತೆ ಜೇಬಿಗೇ ಹಾಕಿಕೊಂಡರು. "ಖುಷಿ ತಾನೇ ಎಲ್ಲರಿಗೂ?"

ಮೂವರೂ ಚಪ್ಪಾಳೆ ತಟ್ಟಿದರು. ಸೊಳ್ಳೆ ಹೊಡೆಯುವವರ ಚಪ್ಪಾಳೆ.

"ನೆಲಮಹಡಿನಾ?" ಎಂದರು ಅತ್ತೆಯವರು.

ಆ 'ವಿಷಯ' ಏನೆಂದು ಮೆಕ್ಯಾನಿಕ್‌ಗೆ ಈಗ ಗೊತ್ತಾಯಿತು. ಅಧ್ಯಕ್ಷರು ಕೊನೆಯ ಪಟ್ಟು ಹಾಕಿದರು: "ಇದು ಹೀಗೇ ಸಾಹೇಬ್ರೇ, ವರ್ಷಕ್ಕೊಂದ್ಸಲ ತಾನಾಗೇ ಕೆಮ್ಮತ್ತೆ. ನಾಳೆ ಮತ್ತೆ ಮಲಗತ್ತೆ. ಇದನ್ನ ಓಡೋದು ಅಂತಾರಾ?"

ಇನ್‌ಸ್ಪೆಕ್ಟರ ಪೆನ್ನು ಗಾಳಿಯಲ್ಲೇ ನಿಂತಿತು. "ಅದೂ ಹೌದು. ಯಾರೂ ರಿಪೇರಿ ಮಾಡಿಲ್ಲ ಅಂದ್ರೆ ಲೆಕ್ಕಕ್ಕಿಲ್ಲ. ಮೇಲಿನ ಪುಸ್ತಕ ಒಂದು ನೋಡಿಬಿಡ್ತೀನಿ."

ತನ್ನ ಸಹಿ ನೆನಪಾಗಿ, ಆ ಹಾಳೆ ಹರಿದುಹಾಕಲು ಮೆಕ್ಯಾನಿಕ್ ಮೆಟ್ಟಿಲು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದ. ಆದರೆ ಇನ್‌ಸ್ಪೆಕ್ಟರು ಲಿಫ್ಟಿನಲ್ಲಿ ಹೋದರು. ಅದು ಬಹಳ ಚೆನ್ನಾಗಿ ರಿಪೇರಿಯಾಗಿತ್ತು. ಅವನು ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಅವರು ಪುಸ್ತಕ ಬಗಲಲ್ಲಿಟ್ಟುಕೊಂಡು ಇಳಿಯುತ್ತಿದ್ದರು.

"ಈ ಸಹಿ ನಿಮ್ಮದಾ? ದೇವರು ಸಿಕ್ಕ ಹಾಗಾಯ್ತು! ಮೂರು ವರ್ಷದಿಂದ ಈ ಊರಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇಲ್ಲ. ಇನ್ನೂ ಹದಿನೇಳು ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ಕೂತಿದೆ."

"ನನಗೆ ಬಿಸ್ಕತ್ ಕಾರ್ಖಾನೆಯಲ್ಲಿ..."

"ಬಿಸ್ಕತ್ತು ಯಾರು ಬೇಕಾದ್ರೂ ನೋಡ್ಕೋತಾರೆ. ಈ ಪುಸ್ತಕಕ್ಕೆ ಸಹಿ ಹಾಕಿದವರು ಲಿಫ್ಟ್ ಇರೋವರೆಗೂ ಅದೇ ಕಟ್ಟಡದಲ್ಲಿ ಇರಬೇಕು, ಮನೆ ಮಾರೋ ಹಾಗಿಲ್ಲ. ನಿಯಮ ಗೊತ್ತಲ್ಲ?"

"ಗೊತ್ತು" ಎಂದಿತು ಮೆಕ್ಯಾನಿಕ್‌ನ ಬಾಯಿ.

ಇನ್‌ಸ್ಪೆಕ್ಟರು ಅದನ್ನೂ ಬರೆದುಕೊಂಡು ಹೋದರು.

ಟೀಚರಮ್ಮ ಚಪ್ಪಲಿ ಗೂಡನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಅಧ್ಯಕ್ಷರು ಕುಂಡದ ಚೂರು ಆಯ್ದುಕೊಂಡರು. "ಗೊತ್ತಿದ್ದೂ ಮಾಡಿದ್ರಲ್ಲ" ಎಂದು ಕ್ಷೌರಿಕ ಮೂರನೇ ಮಹಡಿಗೆ ಹತ್ತಿ ಹೋದ.

ಅತ್ತೆಯವರಿಗೆ ಮಾತ್ರ ಲಿಫ್ಟ್ ಹಿಡಿಸಿಬಿಟ್ಟಿತ್ತು. ಕುರ್ಚಿ ಒಳಗಿಟ್ಟುಕೊಂಡು ಮೇಲೆ ಕೆಳಗೆ ಹೋಗುತ್ತಿದ್ದರು. ಪ್ರತಿ ಸಲ ಕೆಳಗೆ ಬಂದಾಗಲೂ "ನೆಲಮಹಡಿ ತಪ್ಪಿಸಿದ್ರಲ್ಲ ಅಳಿಯಂದಿರೇ" ಎಂದು ಹೇಳಿ ಮತ್ತೆ ಏರುತ್ತಿದ್ದರು. ಆರಕ್ಕೆ ಹತ್ತು ನಿಮಿಷ ಇರುವಾಗ ಹೋದವರು ಬರಲಿಲ್ಲ. ಎಲ್ಲೋ ನಡುವೆ ಲಿಫ್ಟಿನ ಅಪಾಯದ ಗಂಟೆ ಹೊಡೆದುಕೊಳ್ಳತೊಡಗಿತು.

ಅಷ್ಟರಲ್ಲಿ ಕ್ಷೌರಿಕ ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದು ಬಂದ. ಅವನ ಅಂಗೈ ತುಂಬ ಬೆಂಕಿಕಡ್ಡಿ. ಪೊಟ್ಟಣ ಇರಲಿಲ್ಲ.

ಹೆಂಡತಿ ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಮನೆಯ ಬೀಗದ ಕೈ ಹಿಡಿದು ಬಂದು ನಿಂತಳು. "ರೀ, ಆರು ಗಂಟೆ ಆಯ್ತು. ಈಗ ಹೇಳಿ, ಅಮ್ಮ ಮೇಲಿದಾಳಾ, ಕೆಳಗಿದಾಳಾ?"

ಮೆಕ್ಯಾನಿಕ್ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತುಬಿಟ್ಟ ಲಿಫ್ಟಿನತ್ತ ಕತ್ತೆತ್ತಿ ನೋಡಿದ. ಆ ದೇಶಕ್ಕೆ ಬಂದ ಮೇಲೆ ಮೊದಲನೇ ಸಲ ಅವನ ಬಾಯಿಂದ ಆ ಮಾತು ಬಂತು.

"ಗೊತ್ತಿಲ್ಲ."