ಹಸಿರು ಬಳೆ ತೊಟ್ಟ ಗಂಡು ಪಪ್ಪಾಯಿ

ಇಪ್ಪತ್ತಾರು ವರ್ಷಗಳಿಂದ ಬೈಲಹೊಂಗಲದ ಕಾಲೇಜಿನಲ್ಲಿ ಹೂಗಿಡಗಳ ಸಂತಾನೋತ್ಪತ್ತಿ ಕಲಿಸುತ್ತಿದ್ದೇನೆ. ಹೂಗಳಿಗೆ ನನ್ನ ಪಾಠದ ಅಗತ್ಯ ಬೀಳಲಿಲ್ಲ, ಅಗತ್ಯವಿದ್ದವರನ್ನು ಅದು ತಲುಪಲಿಲ್ಲ. ಹೀಗಾಗಿ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಒಂದು ದಿನ ನಿಲ್ಲುತ್ತವೆ ಎಂಬ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಗುನ್ನೆ

ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಜಾಗವಿದೆ. ಹೆಂಡತಿಗೆ ಅಲ್ಲಿ ಸವದತ್ತಿಯ ತನ್ನ ತವರುಮನೆಯ ಕರಿಬೇವು ಬೇಕು. ನನಗೆ ಪಪ್ಪಾಯಿ ಬೇಕು. ನಾನೇ ಬೆಳೆದ ಒಂದು ಹಣ್ಣು ತಿಂದು ನಿವೃತ್ತನಾಗಬೇಕು ಎಂಬುದು ನನ್ನಲ್ಲಿ ಉಳಿದಿರುವ ಏಕೈಕ ಮಹತ್ವಾಕಾಂಕ್ಷೆ.

"ಒಂದ ವರ್ಷ ಕೊಟ್ಟೇನಿ. ಕಾಯಿ ನಿಂದರಲಿಲ್ಲ ಅಂದ್ರ ಜಾಗಾ ನಂದು" ಎಂದಳು ಹೆಂಡತಿ.

ನೇಸರಗಿ ಸಂತೆಗೆ ಹೋದೆ. ಜವಾರಿ ಪಪ್ಪಾಯಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಬಿಡುವುದು ಹೆಣ್ಣು, ಆದರೆ ಅದಕ್ಕೆ ಗಂಡಿನ ಪರಾಗ ಬೇಕು. ಹೂ ಬಿಡುವ ತನಕ ಯಾವುದು ಯಾವುದೆಂದು ಯಾರಿಗೂ ತಿಳಿಯದು. ಆದರೂ ಸಸಿ ಮಾರುವವನನ್ನು ಕೇಳಿದೆ: "ಇದರಾಗ ಹೆಣ್ಣ ಯಾವ್ದು, ಗಂಡ ಯಾವ್ದು ಹೇಳಪಾ."

ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ಕಲತವರಾಗಿ ಹಿಂಗ ಕೇಳಬಾರದ್ರಿ ಸರ. ಮೊದಲಽ ಹೇಳೂದು ಗುನ್ನೆ ಐತಿ. ದವಾಖಾನ್ಯಾಗ ಬೋರ್ಡ ಹಾಕಿರ್ತಾರಲ್ರಿ, ಓದಿಲ್ಲೇನು?"

ಅರವತ್ತು ಹೂಗಳು

ಸಸಿ ಬೆಳೆಯುವಷ್ಟರಲ್ಲಿ ಕಾಲೇಜಿನಲ್ಲೂ ಅದೇ ಪಾಠ ಬಂತು. ಸುರೇಬಾನದಿಂದ ಬಂದು ಹಾಸ್ಟೆಲಿನಲ್ಲಿದ್ದ, ಕಬ್ಬು ಬೆಳೆಯುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ, ನಮ್ಮ ಕಬ್ಬು ತುಂಡ ಮಾಡಿ ಹುಗದ್ರ ಬರತೈತ್ರಿ. ಹೆಣ್ಣ ನೋಡೂದಿಲ್ಲ, ಗಂಡ ನೋಡೂದಿಲ್ಲ, ಲಗ್ನಾನೂ ಇಲ್ಲ. ಮತ್ತ ಉಳದ ಗಿಡಾ ಯಾಕ ಹೂವು, ಜೇನ್ನೊಣ ಅಂತ ಒದ್ದಾಡ್ತಾವ್ರಿ?"

ಇಪ್ಪತ್ತಾರು ವರ್ಷದಲ್ಲಿ ಬಂದ ಮೊದಲ ಒಳ್ಳೆಯ ಪ್ರಶ್ನೆ. ಒಂದು ತಾಸು ಉತ್ತರಿಸಿದೆ. ತುಂಡಿನಿಂದ ಹುಟ್ಟಿದ್ದೆಲ್ಲ ತಾಯಿಯ ನಕಲು, ಒಂದಕ್ಕೆ ಬಿದ್ದ ರೋಗ ಎಲ್ಲಕ್ಕೂ ಬೀಳಬಹುದು. ಇಬ್ಬರಿಂದ ಹುಟ್ಟಿದ ಮಕ್ಕಳು ಒಬ್ಬೊಬ್ಬರು ಒಂದೊಂದು ಥರ, ರೋಗ ಬಂದರೂ ಕೆಲವರಾದರೂ ಉಳಿದಾರು. ಆ ಕೆಲವರಿಗಾಗಿ ಹೂವು ಇಷ್ಟೆಲ್ಲ ಕಷ್ಟಪಡುತ್ತದೆ. ತರಗತಿ ತಲೆದೂಗಿತು.

ಮುಂದಿನ ವಾರದ ಪರೀಕ್ಷೆಯಲ್ಲಿ "ಸಂತತಿಯಲ್ಲಿ ಭಿನ್ನತೆ ಏಕೆ ಬೇಕು? ಹೂವಿನ ಚಿತ್ರ ಬರೆದು ವಿವರಿಸಿ" ಎಂದು ಕೇಳಿದೆ. ಅರವತ್ತು ಉತ್ತರಪತ್ರಿಕೆ, ಉತ್ತರ ಒಂದೇ. ಅರವತ್ತೂ ಹೂಗಳು ತಲೆಕೆಳಗು. ಮೊದಲ ಬೆಂಚಿಗೆ ಬಿದ್ದ ರೋಗ ಕೊನೆಯ ಬೆಂಚಿನ ತನಕ ಒಬ್ಬರನ್ನೂ ಬಿಟ್ಟಿರಲಿಲ್ಲ.

ಉಡಿ

ಸಂತೆಯಿಂದ ತಂದ ನಾಲ್ಕು ಸಸಿಗಳಲ್ಲಿ ಎರಡು ಉಳಿದವು. ಒಂದು ಗಂಡು, ಒಂದು ಹೆಣ್ಣು. ನನ್ನ ಜೀವನದಲ್ಲಿ ಇಷ್ಟು ಸರಿಯಾಗಿ ಏನೂ ಆದದ್ದಿಲ್ಲ, ಆಗಲೇ ನಾನು ಹುಷಾರಾಗಬೇಕಿತ್ತು. ಗಂಡು ಮೊದಲು ಉದ್ದುದ್ದ ಹೂಗೊಂಚಲು ಇಳಿಬಿಟ್ಟಿತು. ಪರೀಕ್ಷೆಯ ಕೆಲಸಕ್ಕೆಂದು ಎರಡು ದಿನ ರಾಮದುರ್ಗಕ್ಕೆ ಹೋಗಿ ಬಂದೆ. ಬಂದು ನೋಡಿದರೆ ಗಿಡದ ಸೊಂಟಕ್ಕೆ ಕುಪ್ಪಸದ ಖಣ, ಎಲೆಯ ದಂಟಿಗೆ ಹಸಿರು ಬಳೆ, ಬುಡದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ. ಬಸುರಿಗೆ ತುಂಬುವ ಹಾಗೆ ಉಡಿ ತುಂಬಿದ್ದರು.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಓಣಿಯೆಲ್ಲ ಅವಳನ್ನು ಆಯಿ ಎನ್ನುತ್ತದೆ. ಕೆಲಸ ಅವಳದು.

"ಪಾಪ, ಬರೇ ಹೂವಽ ಬಿಡಾಕತ್ತಿತ್ತು, ಕಾಯಿ ನಿಂದರವಲ್ದು. ನಾನು, ನಿಮ್ಮ ಮನಿಯವರು ಕೂಡಿ ಉಡಿ ತುಂಬೇವ್ರಿ" ಎಂದಳು.

"ಆಯಿ, ಅದು ಗಂಡರಿ. ಅದು ಕಾಯಿ ಬಿಡೂದಿಲ್ಲ."

ಆಯಿ ಗಿಡದ ಬಳೆಯನ್ನೊಮ್ಮೆ ಮುಟ್ಟಿ ನೋಡಿದಳು.

"ಮತ್ತ ಬಳಿ ಇಡಸಿಕೊಳ್ಳುವಾಗ ಸುಮ್ಮನ ನಿಂತಿತ್ತಲ್ರಿ ಸರ!"

ಊಟದ ಡಬ್ಬಿ

ಮುಂದಿನ ವಾರ ಕಿತ್ತೂರಿನಲ್ಲಿ ರೈತರನ್ನು ಕೂಡಿಸಿ, ಗಂಡು ಪಪ್ಪಾಯಿಗಳನ್ನು ಪೂರ್ತಿ ಕಡಿಯಬೇಡಿ, ಒಂದೆರಡಾದರೂ ಇರಲಿ ಎಂದು ಭಾಷಣ ಮಾಡಿ ಮನೆಗೆ ಬಂದೆ. ನಮ್ಮ ಗಂಡು ಪಪ್ಪಾಯಿ ಇರಲಿಲ್ಲ. ಅದರ ಕುಣಿಯಲ್ಲಿ ಸವದತ್ತಿಯ ಕರಿಬೇವು ನಿಂತಿತ್ತು.

"ಕಾಯಿ ಬಿಡೂದಿಲ್ಲ ಅಂತ ನೀವಽ ಅಂದ್ರಿ. ಅದಕ್ಕ ಆಯಿ ಕಡದ್ರು" ಎಂದಳು ಹೆಂಡತಿ. "ಇದನ್ನ ನೋಡ್ರಿ. ತಾಯಿ ಬೇರಿನಿಂದ ತಾನಽ ಎದ್ದ ಮರಿ. ಗಂಡನ್ನೂ ಕೇಳಿಲ್ಲ, ಭಾಷಣಾನೂ ಕೇಳಿಲ್ಲ."

ಆಯಿ ನಮ್ಮದೊಂದಕ್ಕೇ ನಿಲ್ಲಿಸಿರಲಿಲ್ಲ. "ಸರ ಹೇಳ್ಯಾರ" ಎಂದು ಓಣಿಯ ಗಂಡು ಪಪ್ಪಾಯಿಗಳನ್ನೆಲ್ಲ ಕಡಿಸಿದ್ದಳು. ನಮ್ಮ ಹೆಣ್ಣು ಗಿಡ ಹೂ ಬಿಟ್ಟಿತು. ಪರಾಗವಿಲ್ಲದೆ ಹೂಗಳೆಲ್ಲ ಉದುರಿದವು. ಹೆಂಡತಿ ಕೊಟ್ಟ ವರ್ಷದಲ್ಲಿ ಒಂದು ತಿಂಗಳು ಉಳಿದಿತ್ತು.

ಮತ್ತೆ ಕಿತ್ತೂರಿಗೆ ಹೋದೆ. ನನ್ನ ಭಾಷಣಕ್ಕೆ ಬಾರದಿದ್ದ ರೈತರೊಬ್ಬರ ಹೊಲದಲ್ಲಿ ಒಂದು ಗಂಡು ಗಿಡ ಉಳಿದಿತ್ತು. ಅದರ ಹೂಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮರುದಿನ ಬೆಳಿಗ್ಗೆ ಹೊಸದಾಗಿ ಅರಳಿದ ಹೆಣ್ಣು ಹೂಗಳಿಗೆ ಒಂದೊಂದಾಗಿ ಪರಾಗ ಹಚ್ಚಿ ಕಾಲೇಜಿಗೆ ಹೋದೆ. ಅದೇ ಮಧ್ಯಾಹ್ನ ಆಯಿ ಅದೇ ಖಣ, ಅದೇ ಬಳೆ ತಂದು ಹೆಣ್ಣು ಗಿಡಕ್ಕೆ ಉಡಿ ತುಂಬಿದಳು.

ಮೂರು ಕಾಯಿ ನಿಂತವು. ಮೂರೂ ಹಣ್ಣಾದವು. ಒಂದು ಆಯಿ ಹೊತ್ತ ಹರಕೆಯೆಂದು ಸವದತ್ತಿ ಗುಡ್ಡದ ದೇವಿಗೆ ಹೋಯಿತು. ಒಂದು ಉಡಿ ತುಂಬಿದ್ದಕ್ಕೆ ಆಯಿಗೆ. ಇನ್ನೊಂದು ಕರಿಬೇವು ಕೊಟ್ಟದ್ದಕ್ಕೆ ಹೆಂಡತಿಯ ತವರಿಗೆ.

"ನನಗ?" ಎಂದೆ. "ಆಯಿ, ಹೂವಿಗೆ ಪರಾಗ ಹಚ್ಚಿದಾಂವ ನಾನರಿ."

ಆಯಿ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಕರಿಬೇವಿನ ಕಡೆ ನೋಡಿದಳು.

"ಉಡಿ ತುಂಬಿದವರು ನಾವು, ಕಾಯಿ ಹೊತ್ತದ್ದು ಅದು. ನಡುವ ನಿಮ್ದೇನೈತ್ರಿ ಸರ?" ಎಂದಳು ಆಯಿ, ಬಹಳ ಮೆಲ್ಲಗೆ. "ಕಾಯಿ ಬಿಡದ ಗಂಡು ಈ ಹಿತ್ತಲದಾಗ ಇನ್ನೊಂದ ಐತಿ ಅಂತ ನೆನಪ ಮಾಡಿಕೊಡಬ್ಯಾಡ್ರಿ. ಕೊಡಲಿ ಇನ್ನೂ ನಮ್ಮ ಮನ್ಯಾಗಽ ಐತಿ."