ಮುಮಾನಿಯ ಹಳದಿ ಕಣ್ಣಿನ ಸವತಿ

ನಮ್ಮ ಮಾಮೂಗೆ ಇಬ್ಬರು ಹೆಂಡಿರು! ಇದು ನನ್ನ ಮಾತಲ್ಲ, ಮೊದಲನೆಯವರಾದ ಮುಮಾನಿಯದೇ ದೂರು. ಎರಡನೆಯವಳಿಗೆ ಹಳದಿ ಕಣ್ಣು, ಮೇಲೆ ರೆಕ್ಕೆ ಬೇರೆ. ಅವಳನ್ನು ನಾನೂ ನೋಡಿದ್ದೇನೆಯೇ? ನೋಡಿದ್ದೇನೆಂದೇ ನೆನಪು. ಆದರೆ ಮಾಮೂ ಆ ಕಥೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಈಗ ಬೇರ್ಪಡಿಸಲಾರೆ. ವಿಶ್ವವಿದ್ಯಾಲಯದಲ್ಲಿ ಅನುಮಾನಪಡುವುದನ್ನು ಕಲಿತೆ. ಅದು ಮೊದಲು ಕಚ್ಚಿದ್ದು ನನ್ನ ನೆನಪನ್ನೇ.

ಮಾಮೂ ಎಂದರೆ ನನ್ನ ಅಮ್ಮನ ತಮ್ಮ. ಶಿವಾಜಿನಗರದ ಬಾಡಿಗೆ ಮನೆಯ ತಾರಸಿಯಲ್ಲಿ ಪಾರಿವಾಳ ಸಾಕಿದ್ದರು. ಒಂದು ಚಳಿಗಾಲದ ಸಂಜೆ ಅವುಗಳ ನಡುವೆ ಅಪರಿಚಿತ ಹಕ್ಕಿಯೊಂದು ಬಂದಿಳಿಯಿತು. ಬೂದು ಮೈ, ಕಣ್ಣ ಸುತ್ತ ಹಳದಿ ಬಳೆ. ಮರುಭೂಮಿಯ ಕಡೆಯ ಕಾಡು ಪಾರಿವಾಳ, ದಾರಿ ತಪ್ಪಿದೆ ಎಂದು ಮಾಮೂ ತೀರ್ಪು ಕೊಟ್ಟರು. ಹಕ್ಕಿಗಳ ಪುಸ್ತಕದ ಪ್ರಕಾರ ಅಂಥದ್ದು ಚಳಿಗಾಲಕ್ಕೆ ರಾಜಸ್ಥಾನದ ಬಯಲಿಗೆ ಬರುತ್ತದೆ. ಬೆಂಗಳೂರಲ್ಲಿ ಅದಕ್ಕೇನು ಕೆಲಸ?

"ಕೆಲಸ ಇದ್ದೋರು ಮಾತ್ರ ಬರೋದಾಗಿದ್ರೆ ಈ ಊರು ಖಾಲಿ ಇರ್ತಿತ್ತು ಕಣೋ" ಎಂದರು ಮಾಮೂ.

ಹೊಸ ಹಕ್ಕಿ ಸಿಕ್ಕರೆ ರೆಕ್ಕೆಗೆ ದಾರ ಕಟ್ಟಿ, ಮನೆ ಗುರುತಾದ ಮೇಲೆ ಬಿಚ್ಚುವುದು ಪಾರಿವಾಳದವರ ರೂಢಿ.

"ಕಟ್ರೀ, ಹಾರ್ಹೋಗುತ್ತೆ" ಎಂದರು ಮುಮಾನಿ.

"ಮನೆಗೆ ಬಂದ ಮೆಹಮಾನ್‌ಗೆ ಯಾರಾದ್ರೂ ದಾರ ಕಟ್ತಾರಾ? ನಿಮ್ಮಣ್ಣ ಬಂದಾಗ ಕಟ್ಟಿದ್ವಾ?"

"ಕಟ್ಟೋದೇ ಬೇಕಾಗ್ಲಿಲ್ಲ. ಅವನು ಎಲ್ಲಿ ಹೊರಡ್ತಿದ್ದ?"

ಜೋಳ ತಿನ್ನಿಸಿ, ಕೆಲವು ದಿನ ಮುದ್ದು ಮಾಡಿ, ಮಾಮೂ ಅದನ್ನು ತಮ್ಮ ಹಕ್ಕಿಗಳ ಜೊತೆ ಹಾರಿಬಿಟ್ಟರು. "ಪಾರಿವಾಳ ಅಲ್ವಾ, ಸಂಜೆಗೆ ಮನೆಗೆ ಹೋಗೇ ಹೋಗುತ್ತೆ." ಉಳಿದವೆಲ್ಲ ತಾರಸಿಗೆ ಬಂದವು. ಅದು ಬರಲಿಲ್ಲ. ಮಾಮೂ ಮಾತೇನೂ ಸುಳ್ಳಾಗಲಿಲ್ಲ; ಅದೂ ತನ್ನ ಮನೆಗೇ ಹೋಗಿತ್ತು.

ಆಮೇಲೆ ಅವರು ಕೃಷ್ಣರಾಜಪುರಕ್ಕೆ ಮನೆ ಬದಲಿಸಿದರು. ಪಾರಿವಾಳಗಳನ್ನು ಗೆಳೆಯರಿಗೆ ಕೊಟ್ಟರು. ನೀರಿನ ಮಣ್ಣಿನ ಬೋಗುಣಿಯನ್ನು ಮಾತ್ರ ಹಳೆಯ ತಾರಸಿಯಲ್ಲೇ ಬಿಟ್ಟರು. ಆ ಹಳದಿ ಕಣ್ಣಿನ ಹಕ್ಕಿ ಮತ್ತೆ ಬಂದರೆ, ಅದಕ್ಕೆ ಗೊತ್ತಿರುವ ವಿಳಾಸ ಅದೊಂದೇ ತಾನೇ? ಚಳಿ ಶುರುವಾದರೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಹೋಗಿ, ನೀರು ತುಂಬಿ, ಆಕಾಶ ನೋಡಿ ಬರುತ್ತಿದ್ದರು. ಆ ಮನೆಗೆ ಕಲಬುರಗಿ ಕಡೆಯ ಸಂಸಾರವೊಂದು ಬಾಡಿಗೆಗೆ ಬಂದಿತ್ತು.

"ನನ್ನ ಹುಡುಕ್ಕೊಂಡು ಯಾರಾದ್ರೂ ಬಂದಿದ್ರಾ?" ಎಂದು ಮಾಮೂ ಆ ಮನೆಯಾಕೆಯನ್ನು ಕೇಳಿದರಂತೆ.

"ಯಾರ್ರಿ?"

"ಸಣ್ಣ ಮೈ, ಹಳದಿ ಕಣ್ಣು."

"ಪಾಪ, ಕಾಮಣಿ ಬ್ಯಾನಿ ಆಗ್ಯಾದೇನ್ರಿ ಅವರಿಗಿ?"

ಈ ಚಳಿಗಾಲ ಮಾಮೂವಿನ ಮಂಡಿ ಕೈಕೊಟ್ಟಿದೆ. ಬಸ್ಸಿಲ್ಲ, ಮೆಟ್ಟಿಲಿಲ್ಲ. ಸಂಜೆ ಕಿಟಕಿಯ ಬಳಿ ಕೂತು, "ಬೋಗುಣಿ ಒಣಗಿರುತ್ತೆ. ಬಂದು ನೋಡಿ ಹೊರಟ್ಹೋದ್ರೆ?" ಎನ್ನುತ್ತಾರೆ.

"ಬಾಯಾರಿ ಸಾಯ್ಲಿ ನನ್ನ ಸವತಿ" ಎಂದು ಮುಮಾನಿ ಚೀಲ ಹಿಡಿದು ಶಿವಾಜಿನಗರದ ಮಾರ್ಕೆಟ್ಟಿಗೆ ಹೊರಡುತ್ತಾರೆ.

ಕೃಷ್ಣರಾಜಪುರದ ಸಂತೆ ಮನೆಯ ಪಕ್ಕದಲ್ಲೇ ಇರುವಾಗ ಕೊತ್ತಂಬರಿಗೆ ಅಷ್ಟು ದೂರವೇ? ನನ್ನ ಅನುಮಾನದ ರೋಗ ಕೆರಳಿತು. ಹೋದ ವಾರ ಮುಮಾನಿ ಹೊರಟ ದಿನವೇ, ಸ್ವಲ್ಪ ತಡವಾಗಿ, ನಾನೂ ಹಳೆಯ ಮನೆಗೆ ಹೋಗಿ ವಿಚಾರಿಸಿದೆ.

"ಮಾರ್ಕೆಟ್ಟಿಗಿ ಬಂದಾಗೆಲ್ಲ ಬರ್ತಾರಲ್ರಿ ನಿಮ್ಮ ಮುಮಾನಿ" ಎಂದಳು ಆ ಮನೆಯಾಕೆ. "ಬೋಗುಣಿ ತಿಕ್ಕಿ ತೊಳದು ನೀರು ತುಂಬ್ತಾರ. ಮ್ಯಾಲ ನೋಡ್ಕೋತ ಸ್ವಲ್ಪ ಹೊತ್ತು ನಿಂದರ್ತಾರ. ಯಜಮಾನ್ರಿಗಿ ಹೇಳಬ್ಯಾಡ್ರಿ ಅಂದಾರ. ಈಗ ಹ್ವಾದ್ರು ನೋಡ್ರಿ."

ಹಕ್ಕಿಯ ಕಣ್ಣು ಹಳದಿಯಿತ್ತೆಂದು ನಾನು ಇವತ್ತಿಗೂ ಪ್ರಮಾಣ ಮಾಡಲಾರೆ. ತಾರಸಿ ಹತ್ತಿ, ಬೋಗುಣಿಯಲ್ಲಿ ಬೆರಳಿಟ್ಟು ನೋಡಿದೆ. ನೀರಿತ್ತು, ಅಂಚಿನವರೆಗೂ.