ಫಿಂಟನ್‌ನ ಆರೈಕೆ ವಾರ

ಬಾಗಿಲ ಹಿಡಿಗೆ ತೂಗುಹಾಕಿದ್ದ ಒಂದು ಮರದ ಹಲಗೆಯಿಂದ ಇಷ್ಟೆಲ್ಲ ಆಯಿತು. ಅಂಗೈಯಷ್ಟು ಅಗಲದ ಹಲಗೆ, ಅಂಚಿನಲ್ಲಿ ಕೆತ್ತಿದ ಹೂಬಳ್ಳಿ, ನಡುವೆ ಸುರುಳಿ ಸುರುಳಿ ಅಕ್ಷರಗಳಲ್ಲಿ ಒಂದೇ ಒಂದು ಮಾತು: ‘ಕೇರ್‌ವೊಖೆ’.

ಫಿಂಟನ್ ಡೊಲಾನ್ ಐರ್ಲೆಂಡಿನವನು, ಇಂಗ್ಲಿಷ್ ಮೇಷ್ಟ್ರು. ಮೂರು ವರ್ಷ ಫ್ರಾಂಕ್‌ಫರ್ಟಿನ ಫ್ಲಾಟಿನಲ್ಲಿ ಮೋಡ ನೋಡುತ್ತ ಕಳೆದವನು ದಕ್ಷಿಣ ಜರ್ಮನಿಯ ಸ್ವಾಬಿಯಾದ ಹಿಂಟರ್‌ಬೋಲಿಂಗನ್ ಎಂಬ ಹಳ್ಳಿಗೆ ಬಂದು ಹದಿನೈದು ದಿನವಾಗಿತ್ತು. ಬರುವಾಗಲೇ ಅವನ ಕಂಕುಳಲ್ಲಿ ತಾನೇ ಬರೆಯುತ್ತಿದ್ದ ಒಂದು ಪುಸ್ತಕದ ಹಸ್ತಪ್ರತಿಯಿತ್ತು. ‘ಜರ್ಮನಿಯ ಚೆಲುವಿನ ಹಳ್ಳಿಗಳು: ಪರದೇಶಿಗಳಿಗೊಂದು ಕೈಪಿಡಿ’ ಎಂದು ಹೆಸರು. ಪರದೇಶಿ ಎಂಬ ಮಾತು ಅವನಿಗೆ ಎರಡೂ ಅರ್ಥದಲ್ಲಿ ಒಪ್ಪುತ್ತಿತ್ತು, ಏಕೆಂದರೆ ಅವನ ಪುಸ್ತಕವನ್ನು ಅಚ್ಚು ಹಾಕಿಸುವ ದಿಕ್ಕು ದೆಸೆ ಯಾವುದೂ ಇರಲಿಲ್ಲ. ಹ್ಯಾಂಬರ್ಗಿನ ಪ್ರಕಾಶಕಿ ವೀಬ್ಕೆ ಹಾರ್ಮ್ಸನ್ ಅವನು ಕಳಿಸಿದ ಪ್ರತಿ ಅಧ್ಯಾಯಕ್ಕೂ ‘ನೋಡೋಣ’ ಎಂದಷ್ಟೇ ಉತ್ತರ ಬರೆಯುತ್ತಿದ್ದಳು.

ವೊಖೆ ಎಂದರೆ ವಾರ, ಅದು ಅವನಿಗೆ ಗೊತ್ತಿತ್ತು. ಇನ್ನು ಕೇರ್ ಅಂದರೇನೆಂದು ಇಂಗ್ಲಿಷ್ ಮೇಷ್ಟ್ರಿಗೆ ಯಾರಾದರೂ ಹೇಳಿಕೊಡಬೇಕೆ? ಕಾಗುಣಿತ ಕೊಂಚ ಬೇರೆಯಿತ್ತು ನಿಜ. ಜರ್ಮನ್ನರು ಎಲ್ಲ ಮಾತಿಗೂ ಒಂದೆರಡು ಅಕ್ಷರ ಕೊಸರು ಹಾಕುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಹೊಸಬನಿಗೆ ಊರವರು ಕೊಡುವ ಆರೈಕೆಯ ವಾರ! ಅವನ ಕಣ್ಣು ತುಂಬಿ ಬಂತು. ಅದೇ ಸಂಜೆ ಮಹಡಿ ಮನೆಯ ವಿಧವೆ ರೋಜ್ವಿಟಾ ಶೋಯ್‌ಫೆಲೆ ಒಂದು ತಟ್ಟೆ ಪ್ಲಮ್ ಕೇಕು ತಂದು ಕೊಟ್ಟು ಹೋದಳು. ಉಳಿದಿದ್ದ ಎಳ್ಳುಕಾಳಷ್ಟು ಸಂಶಯವೂ ಕೇಕಿನ ಜೊತೆಗೆ ಗಂಟಲಿನಲ್ಲಿ ಇಳಿಯಿತು.

ಅಂದೇ ಈ ಆರೈಕೆ ವಾರದ ಮೇಲೆ ಕೊನೆಯ ಅಧ್ಯಾಯ ಬರೆದು ಕಳಿಸಿದ. ಮರುದಿನ ಹಾರ್ಮ್ಸನ್‌ಳ ಉತ್ತರ ಬಂತು. ‘ಹುಟ್ಟಿದಂದಿನಿಂದ ಜರ್ಮನಿಯಲ್ಲಿದ್ದೇನೆ. ಸ್ವಾಬಿಯಾದವರು ಪರರನ್ನು ಆರೈಕೆ ಮಾಡಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಶನಿವಾರ ಸ್ಟುಟ್‌ಗಾರ್ಟಿನಲ್ಲಿರುತ್ತೇನೆ. ಮಧ್ಯಾಹ್ನದ ಬಸ್ಸಿಗೆ ನಿಮ್ಮ ಊರಿಗೆ ಬರುತ್ತೇನೆ. ಕಣ್ಣಾರೆ ಕಂಡರೆ ಪುಸ್ತಕ ಅಚ್ಚಿಗೆ. ಕಾಣದಿದ್ದರೆ ಇನ್ನು ಮುಂದೆ ‘ನೋಡೋಣ’ವೂ ಇಲ್ಲ.’

ಶನಿವಾರ ಬೆಳಿಗ್ಗೆ ಫಿಂಟನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಫಿ ಲೋಟ ಹಿಡಿದು, ಆರೈಕೆಗೆ ಸಿದ್ಧನಾಗಿ ಮೆಟ್ಟಿಲ ಮೇಲೆ ಕುಳಿತ. ಬೀದಿಯ ತುಂಬ ಲಿಂಡನ್ ಮರದ ಹಳದಿ ಎಲೆ ಬಿದ್ದಿತ್ತು. ಶೋಯ್‌ಫೆಲೆ ಕೆಳಗಿಳಿದು ಬಂದು ಎಲೆಗಳನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಎಲೆಗಳನ್ನು ನೋಡಿದಳು.

‘ಹೆರ್ ಡೊಲಾನ್, ಈ ವಾರ ನಿಮ್ದು. ಗೊತ್ತಲ್ವಾ?’

‘ಗೊತ್ತು, ಗೊತ್ತು. ತುಂಬ ಸಂತೋಷ. ಹಲಗೆ ಬಹಳ ಸುಂದರವಾಗಿದ್ದಾನೆ.’

ಜರ್ಮನ್ ಭಾಷೆಯಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ. ಈ ಸಂಸಾರದಲ್ಲಿ ಯಾರಿಗೆ ಯಾರು ಏನಾಗಬೇಕೆಂಬುದು ಫಿಂಟನ್‌ಗೆ ಇನ್ನೂ ಬಗೆಹರಿದಿರಲಿಲ್ಲ. ಬಾಯಿಗೆ ಬಂದ ಲಿಂಗ ಹಾಕಿ ಮುಂದೆ ಹೋಗುತ್ತಿದ್ದ.

‘ಶನಿವಾರ ಬಂದೇಬಿಡ್ತು. ಇನ್ನೂ ಏನೂ ಆದಂಗಿಲ್ಲ,’ ಎಂದಳು ಶೋಯ್‌ಫೆಲೆ.

‘ನಾನೂ ಅದೇ ಯೋಚಿಸುತ್ತಿದ್ದೆ. ಕೇಕು ಬಂದಳು, ಆಮೇಲೆ ಯಾರೂ ಬರಲಿಲ್ಲ. ಪರವಾಗಿಲ್ಲ, ಅವಸರ ಇಲ್ಲ. ನೀವು ನಿಧಾನವಾಗಿ ಶುರುಮಾಡಿ.’

‘ನಾನಾ?’

‘ಯಾರಾದರೂ ಸರಿ. ನಾನು ಇಲ್ಲೇ ಕೂತಿರುತ್ತೇನೆ.’

ಶೋಯ್‌ಫೆಲೆಯ ಮುಖ ಉಪ್ಪಿನ ಬದಲು ಸಕ್ಕರೆ ಬಿದ್ದ ಸೂಪಿನ ಹಾಗಾಯಿತು. ಎದುರುಮನೆಯ ಕಿಟಕಿಯಿಂದ ಯಾರೋ ಕೆಮ್ಮಿದರು. ಅಲ್ಲಿ ನಿವೃತ್ತ ಸ್ಟೇಷನ್ ಮಾಸ್ತರ ಗೆಬ್‌ಹಾರ್ಟ್ ಮಾಯ್ಲೆ ಕಿಟಕಿಯ ಕಟ್ಟೆಗೊಂದು ದಿಂಬು ಹಾಕಿ, ಅದರ ಮೇಲೆ ಮೊಣಕೈ ಊರಿ ಬೀದಿ ನೋಡುತ್ತಿದ್ದ. ರೈಲು ನಿಂತುಹೋದ ಮೇಲೆ ಈ ಬೀದಿಯ ಓಡಾಟ ಅವನ ಸುಪರ್ದಿಗೆ ಬಂದಿತ್ತು.

‘ರೋಜ್ವಿಟಾ, ಆತ ನಿನ್ನನ್ನೇ ಗುಡಿಸು ಅಂತಿದಾನಲ್ಲೇ,’ ಎಂದ ಮಾಯ್ಲೆ.

‘ಗುಡಿಸುವುದು?’ ಎಂದ ಫಿಂಟನ್. ಲೋಟ ಬಾಯಿಯ ಹತ್ತಿರವೇ ನಿಂತಿತು.

‘ಮತ್ತಿನ್ನೇನ್ರೀ?’ ಎಂದಳು ಶೋಯ್‌ಫೆಲೆ. ‘ಕೇರ್ ಅಂದ್ರೆ ಗುಡಿಸೋದು. ಮೆಟ್ಟಿಲು, ಕಾಲುದಾರಿ, ಚರಂಡಿ ಬಾಯಿ, ಕಸದ ಡಬ್ಬ ಇಡೋ ಮೂಲೆ. ಒಂದು ವಾರ ನಾನು, ಒಂದು ವಾರ ನೀವು. ಯಾರ ಬಾಗ್ಲಲ್ಲಿ ಹಲಗೆಯೋ ಅವ್ರ ಕೈಯಲ್ಲಿ ಪೊರಕೆ.’

ಆರೈಕೆ ಎಂದು ಕಾದವನಿಗೆ ಸಿಕ್ಕಿದ್ದು ಪೊರಕೆ. ಪ್ರಾಸವೇನೋ ಚೆನ್ನಾಗಿತ್ತು, ಅದನ್ನು ಮೆಚ್ಚುವ ಸ್ಥಿತಿಯಲ್ಲಿ ಫಿಂಟನ್ ಇರಲಿಲ್ಲ.

‘ಹಾಗಾದರೆ ಆ ಕೇಕು?’ ಎಂದು ಕೊನೆಯ ಆಸೆ ಹಿಡಿದು ಕೇಳಿದ.

‘ಪ್ಲಮ್ ಸಿಕ್ಕಾಪಟ್ಟೆ ಬಿದ್ದಿತ್ತು. ಹಂದಿಗೆ ಹಾಕೋಣ ಅಂದ್ರೆ ಈ ಮಾಯ್ಲೆ ಹಂದಿ ಸಾಕೋದೇ ಬಿಟ್ಬಿಟ್ಟ.’

ಫಿಂಟನ್ ಲೋಟ ಕೆಳಗಿಟ್ಟು ಕೈಜೋಡಿಸಿದ. ‘ಫ್ರೌ ಶೋಯ್‌ಫೆಲೆ, ಇವತ್ತು ಮಧ್ಯಾಹ್ನ ಹ್ಯಾಂಬರ್ಗಿನಿಂದ ಒಬ್ಬ ಹೆಂಗಸು ಬರುತ್ತದೆ. ಅದರ ಮುಂದೆ ನೀವು ನನ್ನನ್ನು ತುಂಬ ಪ್ರೀತಿಸುತ್ತೀರಿ ಎಂದು ಹೇಳಿ. ಇಲ್ಲದಿದ್ದರೆ ನನ್ನ ಪುಸ್ತಕ ಸಾಯುತ್ತಾಳೆ.’

ಕಿಟಕಿಯಲ್ಲಿ ಮಾಯ್ಲೆ ನೆಟ್ಟಗಾದ. ಶೋಯ್‌ಫೆಲೆ ಏಪ್ರನ್ ಸರಿಮಾಡಿಕೊಂಡಳು. ‘ನಾನು ವಿಧವೆ ಕಣ್ರೀ. ಬೀದೀಲಿ ನಿಂತು ಹೇಳೋ ಮಾತಾ ಇದು?’

ಅರ್ಧ ಜರ್ಮನ್, ಅರ್ಧ ಕೈಸನ್ನೆಯಲ್ಲಿ ಫಿಂಟನ್ ಅಧ್ಯಾಯದ ಕತೆಯನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಆಕೆಯ ಮುಖ ಮೊದಲಿನ ಬಣ್ಣಕ್ಕೆ ಬಂತು.

‘ಸುಳ್ಳು ನಾನು ಹೇಳಾಕಿಲ್ಲ. ಆದ್ರೆ ಗುಡಿಸದೇ ಇರೋ ಬಾಗ್ಲಿಗೆ ನೆಂಟರು ಬರೋದನ್ನೂ ನೋಡಾಕಾಗಲ್ಲ. ಎದ್ದೇಳಿ, ಪೊರಕೆ ತನ್ನಿ.’

‘ನನ್ನ ಮನೆಯಲ್ಲಿ ಪೊರಕೆ ಇನ್ನೂ ಹುಟ್ಟಿಲ್ಲ. ನಿಮ್ಮವನನ್ನು ಕೊಡುತ್ತೀರಾ?’

‘ಪೊರಕೆ, ಹಲ್ಲುಜ್ಜೋ ಬ್ರಷ್ಷು ಇವೆರಡನ್ನೂ ನಾನು ಯಾರಿಗೂ ಕೊಡೋಳಲ್ಲ.’

ಶೋಯ್‌ಫೆಲೆ ಎಂದರೆ ಆ ಕಡೆಯ ಮಾತಿನಲ್ಲಿ ಪುಟ್ಟ ಸಲಿಕೆ ಎಂದರ್ಥ. ಅಂಥ ಮನೆತನದವಳು ಇಂಥ ವಿಷಯದಲ್ಲಿ ಹೇಳಿದ್ದೇ ಕೊನೆಯ ಮಾತು. ಫಿಂಟನ್ ಒಳಗೆ ಓಡಿದ. ಹೊರಗೆ ಬಂದಾಗ ಅವನ ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇತ್ತು, ಹಿಂದೆ ಬಾಲದ ಹಾಗೆ ಉದ್ದನೆಯ ವೈರು.

‘ಬೀದಿಗೆ ಅದನ್ನ ಹಾಕ್ತಾನಂತೆ ಕಣೇ,’ ಎಂದು ಮಾಯ್ಲೆ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದ.

ಯಂತ್ರ ಮೊದಲಿಗೆ ಮದುವೆಮನೆಗೆ ಹಸಿದು ಬಂದವನಂತೆ ಎಲೆ ನುಂಗಿತು. ಮೆಟ್ಟಿಲು ಚೊಕ್ಕಟವಾಯಿತು, ಕಾಲುದಾರಿ ಮುಗಿಯಿತು. ಚರಂಡಿ ಬಾಯಿಗೆ ಬಂದಾಗ ಒಂದು ಗುಟುಕು ನೀರನ್ನೂ ಎಳೆದುಕೊಂಡು, ಗಂಟಲು ಕೆಟ್ಟ ಭಾಗವತರ ಹಾಗೆ ಗೊರಗೊರ ಎಂದು ರಾಗ ಎಳೆಯತೊಡಗಿತು.

‘ನಿಮ್ಮ ಕಡೆ ಎಲೆ ನನ್ನ ಬಾಗ್ಲಿಗೂ ಹಾರಿ ಬಂದವೆ. ಇಲ್ಲಿ, ಇಲ್ಲಿ, ಕಿಟಕಿ ಕೆಳಗೆ,’ ಎಂದು ಮಾಯ್ಲೆ ಬಗ್ಗಿ ಬೆರಳು ತೋರಿಸಿದ.

ಫಿಂಟನ್ ಬೀದಿ ದಾಟಿ ಕೊಳವೆ ಎತ್ತಿದ. ಮಾಯ್ಲೆ ಇನ್ನಷ್ಟು ಬಗ್ಗಿದ. ಅವನ ಮೊಣಕೈ ಕೆಳಗಿನ ದಿಂಬು ಜಾರಿತು. ಕೊಳವೆ ಅದರ ಮೂಲೆಯನ್ನು ಕಚ್ಚಿ ಹಿಡಿಯಿತು. ಫಿಂಟನ್ ಈ ಕಡೆ ಎಳೆದ, ಮಾಯ್ಲೆ ಆ ಕಡೆ ಎಳೆದ. ಅಜ್ಜನ ಕಾಲದ ಹೊಲಿಗೆ ಎರಡು ಪಕ್ಷಕ್ಕೂ ನ್ಯಾಯ ಮಾಡಿತು, ನಡುವೆ ಹರಿಯಿತು. ಒಳಗಿದ್ದ ಬಾತುಕೋಳಿ ಗರಿಗಳೆಲ್ಲ ಮೇಲೆದ್ದು, ಬೀದಿಯನ್ನೊಮ್ಮೆ ನೋಡಿಕೊಂಡು, ನಿಧಾನವಾಗಿ ಇಳಿಯತೊಡಗಿದವು. ಹಿಂಟರ್‌ಬೋಲಿಂಗನ್‌ನಲ್ಲಿ ಆ ವರ್ಷದ ಮೊದಲ ಹಿಮ ಹೀಗೆ ಬಿತ್ತು.

ಆ ಹಿಮದಲ್ಲೇ ಮಧ್ಯಾಹ್ನದ ಬಸ್ಸು ಬಂದು ನಿಂತಿತು.

ಬಸ್ಸಿನಿಂದ ಇಳಿದ ಎತ್ತರದ ಹೆಂಗಸು ಭುಜದ ಮೇಲಿನ ಗರಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಶೋಯ್‌ಫೆಲೆಗೆ ಇನ್ನು ತಡೆಯಲಾಗಲಿಲ್ಲ. ಮನೆಯೊಳಗಿಂದ ತನ್ನದೇ ಪೊರಕೆ ತಂದಳು, ಫಿಂಟನ್‌ನ ಎರಡೂ ಕೈಯನ್ನು ಅದರ ಹಿಡಿಗೆ ಒತ್ತಿ, ಮೇಲೆ ತನ್ನ ಕೈಯಿಟ್ಟು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಗುಡಿಸಿದಳು. ‘ಗೋಡೆಯಿಂದ ಬೀದಿಗೆ. ಬೀದಿಯಿಂದ ಗೋಡೆಗಲ್ಲ. ಹಾಂ, ಹಂಗೆ.’

‘ಹೆರ್ ಡೊಲಾನ್, ಆರೈಕೆ ವಾರ ಎಂದು ನೀವು ಬರೆದದ್ದು ಇದೇ ಏನು?’ ಎಂದಳು ಹಾರ್ಮ್ಸನ್.

ಫಿಂಟನ್‌ನ ಬಾಯಿ ತೆರೆಯಿತು. ಒಳಗೆ ಒಂದು ಗರಿ ಹೋಯಿತು, ಅವನು ಅದನ್ನು ಉಗುಳುವುದರಲ್ಲಿ ಬಿದ್ದ.

‘ನಾನು ಹೇಳ್ತೀನಿ ಬನ್ನಿ,’ ಎಂದಳು ಶೋಯ್‌ಫೆಲೆ. ಪೊರಕೆ ಗೋಡೆಗೆ ಒರಗಿಸಿ, ಮೆಟ್ಟಿಲ ಮೇಲೆ ಕುಳಿತು, ಇಲ್ಲದ ಲೋಟವನ್ನು ಹಿಡಿದು, ಫಿಂಟನ್‌ನ ದನಿಯಲ್ಲೇ, ‘ಕೇಕು ಬಂದಳು, ಆಮೇಲೆ ಯಾರೂ ಬರಲಿಲ್ಲ. ನೀವು ನಿಧಾನವಾಗಿ ಶುರುಮಾಡಿ,’ ಎಂದಳು. ಹುಬ್ಬು ಎತ್ತಿದ್ದು ಸಹ ಥೇಟ್ ಅವನದೇ.

ಹಾರ್ಮ್ಸನ್‌ಳ ತುಟಿ ಅಲುಗಿತು. ಗರಿ ಆರಿಸಿಕೊಳ್ಳಲು ಬೀದಿಗಿಳಿದಿದ್ದ ಮಾಯ್ಲೆ ಸುಮ್ಮನಿರುತ್ತಾನೆಯೆ? ‘ಬೇಕರೀದು ಕೇಳಿ ಮೇಡಂ. ಬಂದ ದಿನವೇ ಇವ್ರು ಹೋಗಿ, ನಾನು ಒಂದು ರೊಟ್ಟಿ, ದಯವಿಟ್ಟು ನನ್ನನ್ನು ಕತ್ತರಿಸಿ ಅಂದ್ರು. ಆ ಹುಡುಗಿ ಚಾಕು ಕೆಳಗಿಟ್ಟು ಹಿತ್ತಲಿಗೆ ಓಡಿಹೋದ್ಳು.’

ಒಂದರ ಹಿಂದೆ ಒಂದು ಬಂತು. ಇಬ್ಬರೂ ಸರದಿಯ ಮೇಲೆ ಫಿಂಟನ್ ಆದರು. ಹಾರ್ಮ್ಸನ್ ಮೊದಲು ನಕ್ಕಳು, ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತಳು, ಕೊನೆಗೆ ಕರವಸ್ತ್ರ ಸಾಲದೆ ಶೋಯ್‌ಫೆಲೆಯ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ಕಂಡು ಫಿಂಟನ್‌ನ ಎದೆಯಲ್ಲಿ ಆಸೆ ಹುಳಿಹಿಟ್ಟಿನ ಹಾಗೆ ಉಬ್ಬತೊಡಗಿತು. ಇಷ್ಟು ನಕ್ಕವರು ಇಲ್ಲ ಎನ್ನುವುದುಂಟೆ?

‘ಹಳ್ಳಿ ನೋಡುವುದು ಹೇಗೆ ಎಂದು ಪರದೇಶಿಗಳಿಗೆ ಹೇಳುವ ಪುಸ್ತಕಗಳು ನನ್ನ ಗೋಡೌನಿನಲ್ಲಿ ಸೂರು ಮುಟ್ಟಿವೆ,’ ಎಂದಳು ಹಾರ್ಮ್ಸನ್, ಉಸಿರು ತಿರುಗಿದ ಮೇಲೆ. ‘ಇಂಥದು ಮಾತ್ರ ಒಂದೂ ಇಲ್ಲ. ಇದು ಅಚ್ಚಾಗಲೇಬೇಕು.’

ಫಿಂಟನ್ ಅಂಗಿಯ ಗರಿ ಕೊಡವಿಕೊಂಡು ಕೈ ಚಾಚಿದ. ಹಾರ್ಮ್ಸನ್‌ಳ ಕೈ ಅವನ ಕೈಯನ್ನು ದಾಟಿ ಹೋಗಿ ಶೋಯ್‌ಫೆಲೆಯ ಕೈ ಹಿಡಿಯಿತು.

‘ಬರೆದುಕೊಡುತ್ತೀರಾ, ಫ್ರೌ ಶೋಯ್‌ಫೆಲೆ? ಪರದೇಶಿಗಳು: ಹಳ್ಳಿಯವರಿಗೊಂದು ಕೈಪಿಡಿ. ಇವರಂಥವರು ಬಂದು ಇಳಿಯದ ಊರೇ ಈಗ ಇಲ್ಲ. ಮನೆಗೊಂದು ಪ್ರತಿ ಹೋಗುತ್ತದೆ.’

‘ನಂಗೆ ಬರೆಯೋಕೆಲ್ಲ ಬರಾಕಿಲ್ಲ,’ ಎಂದಳು ಶೋಯ್‌ಫೆಲೆ, ಅಷ್ಟರಲ್ಲಿ ಏಪ್ರನ್ ಬಿಚ್ಚಿ ಮಡಿಸಿಯಾಗಿತ್ತು.

‘ಹಾಗಾದರೆ ನನ್ನದು?’ ಎಂದ ಫಿಂಟನ್.

‘ಇದು ಖರ್ಚಾದರೆ ಮುಂದಿನದು ನಿಮ್ಮದು. ಮಾತು ಕೊಟ್ಟಿದ್ದೇನೆ. ಇದು ಖರ್ಚಾಗುವುದೂ ನಿಮ್ಮ ಕೈಯಲ್ಲೇ ಇದೆ, ಹೆರ್ ಡೊಲಾನ್. ಈಗ ಹೇಗಿದ್ದೀರೋ ಹಾಗೇ ಇರಿ. ದಯವಿಟ್ಟು ಏನನ್ನೂ ಕಲಿಯಬೇಡಿ.’

ಫಿಂಟನ್ ಒಂದು ಗಳಿಗೆ ಯೋಚಿಸಿದ. ಮುಂದಿನದು ನಿಮ್ಮದು ಎಂದಿದ್ದಾಳೆ, ‘ನೋಡೋಣ’ ಎಂದಿಲ್ಲ. ಒಟ್ಟಿನ ಮೇಲೆ ಒಂದು ಮೆಟ್ಟಿಲು ಹತ್ತಿದ ಹಾಗೆಯೇ. ಅಲ್ಲದೆ ಇಷ್ಟು ದಿನ ಕಿಟಕಿಯಿಂದ ನೋಡುತ್ತಿದ್ದವರು ಈಗ ಪಕ್ಕದಲ್ಲಿ ಕುಳಿತು ಬೆನ್ನು ತಟ್ಟುತ್ತಿದ್ದರು. ಏನೂ ಕಲಿಯಬಾರದಂತೆ; ಅದೆಂಥ ಮಾತು? ಒಳ್ಳೆಯ ನೆರೆಯವನಾಗಿ ತೋರಿಸಬೇಕು ಎಂದು ಅವನಿಗೆ ಒಮ್ಮೆಲೇ ಹುರುಪು ಬಂತು.

‘ನಾಳೆ ಭಾನುವಾರ ಅಂಗಳದ ಹುಲ್ಲು ಕತ್ತರಿಸುತ್ತೇನೆ,’ ಎಂದು ಘೋಷಿಸಿದ. ‘ಹೊಸ ಯಂತ್ರ ತಂದಿದ್ದೇನೆ. ಪೆಟ್ರೋಲಿನವಳು, ಬಹಳ ಗಟ್ಟಿ ಗಂಟಲು.’

ಆ ಊರಿನಲ್ಲಿ ಭಾನುವಾರ ಗೋಡೆಗೊಂದು ಮೊಳೆ ಹೊಡೆದರೂ ನೆರೆಯವರು ಗಂಟೆ ಒತ್ತುತ್ತಾರೆ. ಹುಲ್ಲಿನ ಯಂತ್ರ ಓಡಿಸಿದರೆ ಬಾಗಿಲಿಗೆ ಬರುವವರು ಪೊಲೀಸರು. ಮಾಯ್ಲೆ ಅಯ್ಯೋ ಎನ್ನಲು ಬಾಯಿ ತೆರೆದ. ಶೋಯ್‌ಫೆಲೆ ಅವನ ಕಾಲು ತುಳಿದಳು.

‘ಒಳ್ಳೇ ಯೋಚನೆ ಹೆರ್ ಡೊಲಾನ್. ಅಗತ್ಯವಾಗಿ ಕತ್ತರಿಸಿ,’ ಎಂದಳು ಆಕೆ, ಹಾರ್ಮ್ಸನ್‌ಳ ಕೈಯಿಂದ ಪೆನ್ನು ತೆಗೆದುಕೊಳ್ಳುತ್ತ. ‘ಎಷ್ಟೊತ್ತಿಗೆ ಶುರುಮಾಡ್ತೀರಿ?’